ಅಜ್ಜನ ಮೂಸೆ, ಬೊಗೋಟಾದ ನೆಲ

ತೀರ್ಥಹಳ್ಳಿಯಲ್ಲಿದ್ದ ನನ್ನಜ್ಜನ ಅಕ್ಕಸಾಲೆಯ ಒಳಗೆ ಹೋಗುವುದು ಸುಲಭವಾಗಿತ್ತು, ಹೊರಗೆ ಬರುವುದು ಕಷ್ಟ. ಹೊಸ್ತಿಲ ಒಳಬದಿಯಲ್ಲಿ ಹಾಸಿದ್ದ ಗೋಣಿತಾಟಿನ ಮೇಲೆ ನಿಂತು, ಎರಡೂ ಅಂಗಾಲುಗಳನ್ನು ಕೊಡವಿ, ಲಂಗದ ಅಂಚನ್ನು ಝಾಡಿಸಿ, ಆಮೇಲೆಯೇ ಬೀದಿಗೆ ಕಾಲಿಡಬೇಕು. ಅರ ಉಜ್ಜುವಾಗ ಉದುರಿದ ಚಿನ್ನದ ಪುಡಿ ಆ ನೆಲದ ಧೂಳಿನಲ್ಲಿ ಸೇರಿರುತ್ತಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೂ ಅಜ್ಜ ಪ್ರತಿ ಸಂಜೆ ನವಿಲುಗರಿಯ ಚಿಕ್ಕ ಪೊರಕೆಯಿಂದ ನೆಲ ಗುಡಿಸಿ ಕಸವನ್ನು ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ವರ್ಷಕ್ಕೊಮ್ಮೆ ಅದನ್ನು ಕೊಳ್ಳುವವರು ಬರುತ್ತಿದ್ದರು. ತೊಳೆದು, ಸುಟ್ಟು, ಚಿನ್ನ ತೆಗೆಯುವವರು. ಕಸಕ್ಕೆ ಬೆಲೆ ಕಟ್ಟುವ ಆ ಚೌಕಾಸಿಯನ್ನು ನೋಡುತ್ತಾ ನಾನು ಬೆಳೆದೆ.

ಮೂಸೆಯ ಹತ್ತಿರ ಕೂರಲು ಮಾತ್ರ ನನಗೆ ವಿಶೇಷ ಅನುಮತಿ ಇತ್ತು. ಯಾರೋ ಅತ್ತೆಯ ಕಾಲದ ಕೊಪ್ಪು, ತುಂಡಾದ ಸರ, ಮುರಿದ ಬುಗುಡಿ ತರುತ್ತಿದ್ದರು. ಅಜ್ಜ ಅವನ್ನು ಒರೆಗಲ್ಲಿಗೆ ಹಚ್ಚಿ, ತೂಗಿ, ಮೂಸೆಗೆ ಹಾಕಿ, ಮೇಲೊಂದು ಚಿಟಿಕೆ ಬಿಳಿಗಾರ ಉದುರಿಸಿ ಊದುಗೊಳವೆ ಬಾಯಿಗಿಡುತ್ತಿದ್ದರು. ಮೊದಲು ಒಡವೆಯ ಅಂಚುಗಳು ಮೆತ್ತಗಾಗುತ್ತವೆ. ಹೂವಿನ ದಳ ಬಾಗುತ್ತದೆ. ಆಮೇಲೆ ಎಲ್ಲವೂ ಒಮ್ಮೆಲೇ ಸೋತು ಒಂದು ಹನಿಯಾಗಿ ನಡುಗತೊಡಗುತ್ತದೆ. ಒಂದು ಗಳಿಗೆಯ ಹಿಂದೆ ಅಲ್ಲಿ ಯಾರ ಕಿವಿಯದ್ದು ಏನಿತ್ತು ಎಂದು ಹೇಳಲು ಬರುವುದಿಲ್ಲ. "ಕರಗಿದ ಚಿನ್ನಕ್ಕೆ ತವರಿಲ್ಲ" ಎನ್ನುತ್ತಿದ್ದರು ಅಜ್ಜ. ಅದನ್ನು ದುಃಖದಿಂದ ಹೇಳುತ್ತಿದ್ದರೋ ಸಮಾಧಾನದಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಕಚೇರಿಯ ಕೆಲಸದ ಮೇಲೆ ಎರಡು ವಾರ ಕೊಲಂಬಿಯಾದ ರಾಜಧಾನಿ ಬೊಗೋಟಾದಲ್ಲಿದ್ದಾಗ, ಆ ಊರನ್ನು ನಾನು ನೋಡಿದ್ದು ಒಬ್ಬ ಅಕ್ಕಸಾಲಿಗನ ಮೊಮ್ಮಗಳಾಗಿ. ಬೇರೆ ಕಣ್ಣು ನನ್ನಲ್ಲಿರಲಿಲ್ಲ.

ಬೊಗೋಟಾ ಮೊದಲು ತಾಕುವುದು ಎದೆಗೂಡಿಗೆ. ಸಮುದ್ರಮಟ್ಟದಿಂದ ಸುಮಾರು 2,600 ಮೀಟರ್ ಎತ್ತರದ ಬಯಲಿನಲ್ಲಿ, ಆಂಡೀಸ್ ಪರ್ವತಗಳ ಮಡಿಲಲ್ಲಿ ಈ ಊರಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಗಿಂತ ಆರುನೂರು ಮೀಟರಿಗೂ ಹೆಚ್ಚು ಮೇಲೆ ಸುಮಾರು ಎಂಬತ್ತು ಲಕ್ಷ ಜನ ಸಂಸಾರ ಹೂಡಿದ್ದಾರೆ. ಭೂಮಧ್ಯರೇಖೆ ಹತ್ತಿರದಲ್ಲೇ ಇದ್ದರೂ ಚಳಿ ಬಿಡುವುದಿಲ್ಲ. ಬೆಳಗ್ಗೆ ಎಳೆಬಿಸಿಲು, ಹನ್ನೊಂದಕ್ಕೆ ಮೋಡ, ಮಧ್ಯಾಹ್ನ ಮಳೆ, ಸಂಜೆ ಮತ್ತೆ ತೊಳೆದಿಟ್ಟಂಥ ಆಕಾಶ. ಲಾ ಕಂದೆಲಾರಿಯಾ ಎಂಬ ಹಳೆಯ ಪೇಟೆಯ ಏರುಬೀದಿಯಲ್ಲಿ ಮೊದಲ ದಿನ ನೂರು ಹೆಜ್ಜೆಗೊಮ್ಮೆ ನಿಂತೆ. ಹಾಗೆ ನಿಂತದ್ದರಿಂದಲೇ ಬಹಳಷ್ಟು ಕಂಡಿತು: ನಾಡಹೆಂಚಿನ ಮಾಡುಗಳು ಬೀದಿಯ ಮೇಲೆ ಚಾಚಿಕೊಂಡಿರುವುದು, ಮರದ ಜಾಲರಿಯ ಕಿಟಕಿಗಳು, ಒಂದು ಮನೆ ಅರಿಶಿನ, ಪಕ್ಕದ್ದು ನೀಲಿ, ಅದರಾಚೆಯ ಗೋಡೆಯ ತುಂಬ ಇಲ್ಲಿನ ಮೂಲನಿವಾಸಿಗಳಾದ ಮುಯಿಸ್ಕಾ ಜನರ ಮುದುಕಿಯೊಬ್ಬಳ ಮುಖ. ಹೆಂಚಿನ ಮಾಡಿನ ಕೆಳಗೆ ಮಳೆಗೆ ಕಾದು ನಿಲ್ಲುವುದು ಮಲೆನಾಡಿನವಳಿಗೆ ಹೊಸದಲ್ಲ. ಅಪರಿಚಿತ ಊರಿನಲ್ಲಿ ಮೊದಲು ಪರಿಚಯವಾದದ್ದು ಮಾಡಿನಂಚಿನಿಂದ ಬೀಳುವ ನೀರಿನ ಸದ್ದು.

ಹಾಗೆ ನಿಂತಿದ್ದಾಗ ತಳ್ಳುಗಾಡಿಯ ಹೆಂಗಸೊಬ್ಬರು ಫ್ಲಾಸ್ಕಿನಿಂದ ಒಂದು ಲೋಟ ಬಿಸಿ ಪಾನೀಯ ಬಗ್ಗಿಸಿಕೊಟ್ಟರು. ಕಾಫಿ ಎಂದು ತಿಳಿದು ಗುಟುಕರಿಸಿದೆ. ಬೆಲ್ಲದ ನೀರು! ಇಲ್ಲಿ ಅದನ್ನು ಅಗ್ವಾಪನೇಲಾ ಎನ್ನುತ್ತಾರೆ. ಪನೇಲಾ ಎಂದರೆ ಕಬ್ಬಿನ ಹಾಲನ್ನು ಕಾಯಿಸಿ ಅಚ್ಚಿಗೆ ಹೊಯ್ದ ಬೆಲ್ಲ, ನಮ್ಮದೇ ಬೆಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಬೆಲ್ಲ ಮಾಡುವ ದೇಶ ಭಾರತವಾದರೆ ಎರಡನೆಯದು ಕೊಲಂಬಿಯಾ. ಆಲೆಮನೆಯ ಸಂಬಂಧ ಇಷ್ಟು ದೂರಕ್ಕೆ ಚಾಚಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಆಕೆ ನನ್ನನ್ನು "ಸುಮೆರ್ಸೆ" ಎಂದು ಕರೆದರು. ಈ ಸೀಮೆಯವರು ಗೌರವಕ್ಕೂ ಅಕ್ಕರೆಗೂ ಬಳಸುವ ಹಳೆಯ ಸಂಬೋಧನೆ ಅದು. ಮೂಲ ಅರ್ಥ 'ತಮ್ಮ ಕೃಪೆ' ಎಂದಂತೆ. ನಮ್ಮ ಹಿರಿಯರು 'ತಾವು' ಎನ್ನುವಾಗ ಬರುವ ತಗ್ಗಿದ ದನಿಯೇ ಅದರಲ್ಲೂ ಇತ್ತು.

ಮಾರನೆಯ ದಿನ ಚಿನ್ನದ ವಸ್ತುಸಂಗ್ರಹಾಲಯಕ್ಕೆ ಹೋದೆ. ಹೋದೆ ಎನ್ನುವುದಕ್ಕಿಂತ, ಅಲ್ಲಿಯೇ ಉಳಿದೆ ಎನ್ನಬೇಕು. ಎರಡು ವಾರಗಳಲ್ಲಿ ಮೂರು ಸಲ.

ಇದು ಕೊಲಂಬಿಯಾದ ಕೇಂದ್ರ ಬ್ಯಾಂಕ್ ನಡೆಸುವ ಸಂಗ್ರಹಾಲಯ. ನೆಲದಲ್ಲಿ ಸಿಕ್ಕ ಹಳೆಯ ಒಡವೆಗಳನ್ನು ತೂಕಕ್ಕೆ ಮಾರಿ ಕರಗಿಸುವುದು ರೂಢಿಯಾಗಿದ್ದ ಕಾಲದಲ್ಲಿ, 1939ರಲ್ಲಿ, ಬ್ಯಾಂಕ್ ಒಂದು ವಸ್ತುವನ್ನು ಕರಗಿಸಲಿಕ್ಕಲ್ಲದೆ ಉಳಿಸಲಿಕ್ಕೆಂದು ಕೊಂಡಿತು. ಅದು ಈ ದೇಶದ ಮೂಲನಿವಾಸಿಗಳಾದ ಕಿಂಬಾಯಾ ಜನರ ಪೊಪೊರೊ. ಅದರ ಮುಂದೆ ನಿಂತಾಗ ನನಗೆ ನಗು ಬಂತು, ಸಂತೋಷದ ನಗು. ಪೊಪೊರೊ ಎಂದರೆ ಸುಣ್ಣದ ಡಬ್ಬಿ! ಕೋಕಾ ಎಲೆಯನ್ನು ಜಗಿಯುವಾಗ ಜೊತೆಗೆ ಸುಣ್ಣ ಬೇಕು. ಸುಟ್ಟ ಚಿಪ್ಪಿನ ಆ ಸುಣ್ಣವನ್ನು ಇಡುವ ಪಾತ್ರೆ ಇದು. ಎಲೆಯಡಿಕೆಯ ಹರಿವಾಣದಲ್ಲಿ ನನ್ನಜ್ಜಿ ಇಟ್ಟುಕೊಳ್ಳುತ್ತಿದ್ದ ಸುಣ್ಣದ ಡಬ್ಬಿಯ ದೂರದ ನೆಂಟ. ತೂಕ ಸುಮಾರು 777 ಗ್ರಾಂ. ಕೆಳಗೆ ಕುಂಬಳದಂತೆ ಉಬ್ಬಿದ ಹೊಟ್ಟೆ, ಮೇಲೆ ನಾಲ್ಕು ಗುಂಡುಗಳು, ನಡುವೆ ಎಲ್ಲೂ ಒಂದು ಬೆಸುಗೆಯ ಗೀರಿಲ್ಲ. ಅಷ್ಟು ನುಣುಪಾದ ಕೆಲಸವನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದು ದೇಶ ತನ್ನ ಹೆಮ್ಮೆಯ ಸಂಗ್ರಹವನ್ನು ಕಿರೀಟದಿಂದಲೋ ಕತ್ತಿಯಿಂದಲೋ ಆರಂಭಿಸದೆ ಸುಣ್ಣದ ಡಬ್ಬಿಯಿಂದ ಆರಂಭಿಸಿತು ಎಂಬುದು ನನಗೆ ಬಹಳ ಹಿಡಿಸಿತು.

ಇಂದು ಅಲ್ಲಿ ಚಿನ್ನದ ವಸ್ತುಗಳೇ ಸುಮಾರು 34,000 ಇವೆ. ಮೂಗುಬೊಟ್ಟು, ಎದೆಹಲಗೆ, ಕಿವಿಯೋಲೆ, ಹಕ್ಕಿತಲೆಯ ದಂಡ. ಅವುಗಳ ನಡುವೆ ನಡೆಯುತ್ತಾ ಹೋದಂತೆ ಒಂದು ವಿಷಯ ಮನಸ್ಸನ್ನು ಕೊರೆಯತೊಡಗಿತು. ಇವು ಮೂಸೆಯಿಂದ ತಪ್ಪಿಸಿಕೊಂಡವು. ಮಣ್ಣಿನಲ್ಲಿ, ಗೋರಿಯಲ್ಲಿ, ಗುಹೆಯಲ್ಲಿ, ಕೆರೆಯ ಕೆಸರಿನಲ್ಲಿ ಅಡಗಿದ್ದರಿಂದ ಉಳಿದವು. ಈ ನಾಡನ್ನು ಗೆದ್ದ ಸ್ಪೇನಿನವರ ಕೈಗೆ ಸಿಕ್ಕವೆಲ್ಲ ಗಟ್ಟಿಗಳಾದವು. ಐದರಲ್ಲೊಂದು ಪಾಲು ದೊರೆಗೆ ಸಲ್ಲಬೇಕಿತ್ತು, ಪಾಲು ಮಾಡಲು ತೂಗಬೇಕು, ತೂಗಲು ಕರಗಿಸಬೇಕು. ಕರಗಿಸಿದವರಿಗೆ ಅದು ಅವಮಾನ ಮಾಡುವ ಕೆಲಸವೆಂದು ಅನಿಸಿರಲೂ ಇಲ್ಲ, ಅವರಿಗದು ಬರೀ ಲೆಕ್ಕ. ಆ ಲೆಕ್ಕದಲ್ಲಿ ಎಷ್ಟು ಜನರ ಕೈಕೆಲಸ ನಡುಗುವ ಹನಿಯಾಯಿತೋ!

ಅಲ್ಲಿನ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಮುಯಿಸ್ಕಾ ತೆಪ್ಪ. ಬೊಗೋಟಾದ ಈ ಬಯಲು ಮೂಲದಲ್ಲಿ ಮುಯಿಸ್ಕಾ ಜನರದ್ದು. ಬಕಾತಾ ಎಂಬ ಅವರ ಹೆಸರೇ ಊರಿನ ಹೆಸರಾಗಿದೆ. 1538ರಲ್ಲಿ ಗೊನ್ಸಾಲೊ ಹಿಮೆನೆಸ್ ದೆ ಕೆಸಾದಾ ಇಲ್ಲಿ ಸ್ಪೇನಿನ ಊರು ಕಟ್ಟಿದ. ತೆಪ್ಪ ಸಿಕ್ಕಿದ್ದು ಅದಾದ ನಾಲ್ಕು ಶತಮಾನಗಳ ಮೇಲೆ, 1969ರಲ್ಲಿ, ಪಾಸ್ಕಾ ಎಂಬ ಊರಿನ ಹತ್ತಿರದ ಗುಹೆಯಲ್ಲಿ, ಒಂದು ಮಣ್ಣಿನ ಮಡಕೆಯೊಳಗೆ, ರೈತರ ಕೈಗೆ. ಉದ್ದ ಕೇವಲ 19.5 ಸೆಂಟಿಮೀಟರ್. ನಡುವೆ ಎತ್ತರದ ಪೀಠದಲ್ಲಿ ಒಡೆಯ, ಸುತ್ತ ಮುಖವಾಡ ತೊಟ್ಟವರು, ಗಿಲಕಿ ಹಿಡಿದವರು, ಅಂಚಿನಲ್ಲಿ ಸೂಜಿಮೊನೆಯಷ್ಟೇ ಇರುವ ಹುಟ್ಟು ಹಾಕುವವರು. ಹೊಸದಾಗಿ ಪಟ್ಟಕ್ಕೆ ಬರುವ ಒಡೆಯ ಮೈಗೆಲ್ಲ ಚಿನ್ನದ ಪುಡಿ ಬಳಿದುಕೊಂಡು ಗುವಾತಾವಿತಾ ಸರೋವರದ ನಡುವೆ ತೆಪ್ಪದಲ್ಲಿ ಹೋಗಿ, ಚಿನ್ನ ಮತ್ತು ಪಚ್ಚೆಗಳನ್ನು ನೀರಿಗೆ ಅರ್ಪಿಸುತ್ತಿದ್ದ ವಿಧಿಯ ಚಿತ್ರ ಇದೆಂದು ಹೇಳುತ್ತಾರೆ. ಸ್ಪೇನಿನವರು ಹುಡುಕಿ ಅಲೆದ ದಂತಕಥೆಯ 'ಎಲ್ ದೊರಾದೊ' ಎಂದರೆ ಮೊದಲಿಗೆ ಚಿನ್ನದ ಊರಲ್ಲ, ಚಿನ್ನ ಬಳಿದುಕೊಂಡ ಮನುಷ್ಯ. ಮನುಷ್ಯ ಊರಾಗಿದ್ದು ಹುಡುಕಿಬಂದವರ ಆಸೆಯಲ್ಲಿ.

ತೆಪ್ಪವನ್ನು ಎರಕ ಹೊಯ್ದ ರೀತಿ ನನಗೆ ಗೊತ್ತಿದ್ದದ್ದೇ. ಜೇನುಮೇಣದಲ್ಲಿ ಆಕೃತಿ ಮಾಡಿ, ಮೇಲೆ ಜೇಡಿಮಣ್ಣು ಮೆತ್ತಿ, ಬೆಂಕಿಗೆ ಹಿಡಿದು ಮೇಣವನ್ನು ಹರಿಯಬಿಟ್ಟು, ಆ ಪೊಳ್ಳಿಗೆ ಲೋಹ ಸುರಿಯುವುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿ ಇದೇ ಕ್ರಮದ ವಿವರಣೆ ಇದೆ. ನಮ್ಮ ಕಂಚಿನ ದೇವರುಗಳು ಹುಟ್ಟಿದ್ದೂ ಹೀಗೆಯೇ. ಒಬ್ಬರನ್ನೊಬ್ಬರು ಕಂಡು ಕೇಳದ ಎರಡು ನಾಡುಗಳ ಕುಶಲಿಗಳು ಒಂದೇ ಉಪಾಯಕ್ಕೆ ಬಂದಿದ್ದಾರೆ. ಈ ವಿಧಾನದಲ್ಲಿ ಅಚ್ಚನ್ನು ಒಡೆಯಲೇಬೇಕು, ಹಾಗಾಗಿ ಪ್ರತಿ ವಸ್ತುವೂ ಒಂದೇ ಒಂದು.

ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ತೆಪ್ಪವಲ್ಲ. ತುಂಹೊ ಎಂಬ ಚಿಕ್ಕಚಿಕ್ಕ ಹರಕೆಯ ಗೊಂಬೆಗಳು. ಬೆರಳುದ್ದದ ಚಪ್ಪಟೆ ಮನುಷ್ಯರು, ಮೈಮೇಲೆ ಸೇವಿಗೆಯಂಥ ಎಳೆಗಳಲ್ಲಿ ಕಣ್ಣು, ಕೈ, ಮಗು, ಕೋಲು. ಇವಕ್ಕೆ ಯಾರೂ ಅರ ಹಾಕಿಲ್ಲ, ಮೆರುಗು ಕೊಟ್ಟಿಲ್ಲ. ಲೋಹ ಹರಿದುಬಂದ ಕಾಲುವೆಯ ಕಡ್ಡಿ ಕೂಡ ಕೆಲವದರಲ್ಲಿ ಹಾಗೆಯೇ ಇದೆ. ಅಜ್ಜ ಇದನ್ನು ನೋಡಿದ್ದರೆ "ಅರ್ಧಕ್ಕೆ ಬಿಟ್ಟ ಕೆಲಸ" ಎನ್ನುತ್ತಿದ್ದರು. ಅರ್ಧಕ್ಕೆ ಬಿಟ್ಟದ್ದಲ್ಲ ಅದು. ಮನುಷ್ಯರು ನೋಡಲೆಂದು ಮಾಡಿರಲಿಲ್ಲ, ಅಷ್ಟೆ. ಎರಕದಿಂದ ತೆಗೆದು ನೇರವಾಗಿ ದೇವರಿಗೆ, ಮಣ್ಣಿಗೆ, ನೀರಿಗೆ. ಇನ್ನೊಂದು ವಿಷಯವೂ ಇದೆ: ಮುಯಿಸ್ಕಾ ನಾಡಿನಲ್ಲಿ ಚಿನ್ನ ಹೆಚ್ಚೇನೂ ಸಿಗುತ್ತಿರಲಿಲ್ಲ. ಅವರು ಉಪ್ಪು, ಪಚ್ಚೆ, ಹತ್ತಿಯ ಕಂಬಳಿಗಳನ್ನು ಕೊಟ್ಟು ದೂರದವರಿಂದ ಚಿನ್ನ ತರಿಸಿಕೊಳ್ಳುತ್ತಿದ್ದರು. ಅಂದರೆ ಕೊಂಡ ಚಿನ್ನ. ಅದನ್ನು ಮರಳಿ ಬಾರದ ಕಡೆಗೆ ಎಸೆಯುತ್ತಿದ್ದರು. ಕಾಲಡಿಯ ಧೂಳನ್ನೂ ಬಿಡದೆ ಕೊಡವುವ ಮನೆಯಲ್ಲಿ ಬೆಳೆದ ನಾನು ಇದರ ಮುಂದೆ ಬಹಳ ಹೊತ್ತು ನಿಂತೆ.

ಕೊನೆಯಲ್ಲಿ ಒಂದು ದುಂಡನೆಯ ಕೋಣೆ. ಒಳಗೆ ಹೋದಮೇಲೆ ಬಾಗಿಲು ಮುಚ್ಚುತ್ತಾರೆ, ಕಗ್ಗತ್ತಲೆ. ಎಲ್ಲಿಂದಲೋ ಮಂತ್ರದಂಥ ಹಾಡು ಶುರುವಾಗುತ್ತದೆ, ನಿಧಾನವಾಗಿ ಬೆಳಕು ಏರಿದಂತೆ ಸುತ್ತಲಿನ ಗೋಡೆಯ ತುಂಬ ನೂರಾರು ಚಿನ್ನದ ಚೂರುಗಳು ಮೀನಿನ ಹಿಂಡಿನಂತೆ ಎದ್ದುಬರುತ್ತವೆ. ಸರೋವರದ ತಳದಲ್ಲಿ ನಿಂತ ಹಾಗೆ. ನನ್ನ ಪಕ್ಕದಲ್ಲಿದ್ದ ಶಾಲಾಮಕ್ಕಳು ಒಬ್ಬರಾದರೂ ಪಿಟ್ಟೆನ್ನಲಿಲ್ಲ.

ಒಂದು ಭಾನುವಾರ ಗುವಾತಾವಿತಾಕ್ಕೂ ಹೋಗಿಬಂದೆ. ಸರೋವರ ಚಿಕ್ಕದು, ಹಸಿರು, ಬಟ್ಟಲಿನಂಥದ್ದು. ದಂಡೆಯ ಒಂದು ಕಡೆ ಗುಡ್ಡವನ್ನೇ ಸೀಳಿದ ಆಳವಾದ ಕಚ್ಚು ಕಾಣುತ್ತದೆ. 16ನೆಯ ಶತಮಾನದಲ್ಲಿ ಸೆಪುಲ್ವೆದಾ ಎಂಬ ವ್ಯಾಪಾರಿ ನೀರನ್ನು ಹರಿಯಬಿಟ್ಟು ತಳದ ಚಿನ್ನ ತೆಗೆಯಲು ಕಡಿಸಿದ್ದು. ಮುಂದೆ ಇಂಗ್ಲಿಷ್ ಕಂಪನಿಯೊಂದು ಸುರಂಗ ತೋಡಿ ನೀರನ್ನು ಪೂರ್ತಿ ಬಸಿಯಿತು; ಬಿಸಿಲಿಗೆ ಕೆಸರು ಕಲ್ಲಿನಂತೆ ಗಟ್ಟಿಯಾಗಿ ಅವರ ಆಸೆಯನ್ನೂ ಅಲ್ಲೇ ಹೂತಿತು. 1965ರಿಂದ ಸರ್ಕಾರ ಅದನ್ನು ಯಾರೂ ಮುಟ್ಟದಂತೆ ಕಾಯುತ್ತಿದೆ. ನೀರು ಮತ್ತೆ ತುಂಬಿದೆ, ಕಚ್ಚು ಮಾತ್ರ ಮುಚ್ಚಿಲ್ಲ.

ಸಂಗ್ರಹಾಲಯದಿಂದ ಹೊರಬಂದು ನಾಲ್ಕು ಹೆಜ್ಜೆ ನಡೆದರೆ ಹಿಮೆನೆಸ್ ರಸ್ತೆ. ಅಲ್ಲಿ ಬೀದಿಯಲ್ಲೇ ಗುಂಪುಗುಂಪಾಗಿ ನಿಂತ ಗಂಡಸರು ಮಡಚಿದ ಬಿಳಿಯ ಕಾಗದದ ಪೊಟ್ಟಣ ಬಿಚ್ಚಿ ಅಂಗೈಯಲ್ಲಿ ಪಚ್ಚೆಕಲ್ಲು ಹಿಡಿದು ಬಿಸಿಲಿಗೆ ಓರೆಮಾಡಿ ನೋಡುತ್ತಿರುತ್ತಾರೆ. ಆ ಪೊಟ್ಟಣದ ಮಡಿಕೆ ಕಂಡು ನನ್ನ ಕಣ್ಣು ತುಂಬಿತು. ಅಜ್ಜನದೂ ಅದೇ ಮಡಿಕೆ, ಕಾಗದ ಮಾತ್ರ ಗುಲಾಬಿ ಬಣ್ಣದ್ದು. ಮುಸೊ ಮತ್ತು ಚಿವೋರ್ ಗಣಿಗಳ ಈ ಕಲ್ಲುಗಳು 16ನೆಯ ಶತಮಾನದಿಂದಲೇ ಸ್ಪೇನ್, ಪೋರ್ಚುಗಲ್ ಹಡಗುಗಳಲ್ಲಿ ಗೋವೆಗೆ ಬಂದು ಮೊಘಲರ ಆಸ್ಥಾನ ಸೇರಿದ್ದವು. ಪಚ್ಚೆಯ ಪದಕಗಳ ಮೇಲೆ ಅಲ್ಲಿನ ಕುಶಲಿಗಳು ಕೆತ್ತಿದ ಹೂಬಳ್ಳಿಗಳಲ್ಲಿ ಎಷ್ಟೋ ಈ ಪರ್ವತಗಳ ಹೊಟ್ಟೆಯಿಂದ ಹೋದ ಕಲ್ಲಿನ ಮೇಲೆ ಅರಳಿದವು.

ಅಲ್ಲೇ ತಿರುಗಿದರೆ ಏಳನೆಯ ಬೀದಿ. ವಾಹನಗಳಿಲ್ಲದೆ ಜನರಷ್ಟೇ ನಡೆಯುವ ಆ ಭಾಗದಲ್ಲಿ ಹಾಡುಗಾರರು, ಚೆಸ್ ಆಡುವವರು, ಹಣ್ಣು ಹೆಚ್ಚಿಕೊಡುವವರು. ಒಂದು ಕಟ್ಟಡದ ಗೋಡೆಯಲ್ಲಿ ಕೆಲವು ಕಲ್ಲುಫಲಕಗಳಿವೆ. 1948ರ ಏಪ್ರಿಲ್ 9ರ ಮಧ್ಯಾಹ್ನ ಬಡವರ ನಾಯಕ ಹೊರ್ಹೆ ಎಲಿಯೆಸೆರ್ ಗೈತಾನ್ ಅವರನ್ನು ಗುಂಡಿಕ್ಕಿ ಕೊಂದದ್ದು ಇಲ್ಲಿ. ಆ ದಿನ ಊರು ಹೊತ್ತಿ ಉರಿಯಿತು. ಟ್ರಾಮುಗಳು ಸುಟ್ಟವು, ಸರ್ಕಾರಿ ಕಟ್ಟಡಗಳು ಸುಟ್ಟವು. ಆಮೇಲಿನ ದಶಕಗಳ ರಕ್ತಪಾತದ ಮಾತು ಬಂದಾಗ ಇಲ್ಲಿನವರು ಹಿಂದಕ್ಕೆ ಎಣಿಸುತ್ತಾ ಬಂದು ನಿಲ್ಲುವುದು ಈ ದಿನಾಂಕದಲ್ಲಿ. ನನ್ನ ಜೊತೆಗಿದ್ದ ಸ್ಥಳೀಯ ಸಹೋದ್ಯೋಗಿ ಫಲಕವನ್ನು ಓದಿ ಹೇಳಲಿಲ್ಲ. "ನಮ್ಮಜ್ಜಿ ಆ ದಿನ ಹೊಗೆಯ ವಾಸನೆ ಬಂತೆಂದು ಕಿಟಕಿ ಮುಚ್ಚಿದರಂತೆ" ಎಂದಷ್ಟೇ ಹೇಳಿದರು.

ಬೀದಿ ಬೊಲಿವಾರ್ ಚೌಕಕ್ಕೆ ಮುಟ್ಟುತ್ತದೆ. ಪಾರಿವಾಳಗಳು, ಮಕ್ಕಳು, ಜೋಳದ ಕಾಳು ಮಾರುವವರು, ನಡುವೆ, ಸ್ಪೇನಿನ ಆಳ್ವಿಕೆಯಿಂದ ನಾಡನ್ನು ಬಿಡಿಸಿದ ಸಿಮೋನ್ ಬೊಲಿವಾರ್ ಅವರ, 1846ರಿಂದ ನಿಂತಿರುವ ಪ್ರತಿಮೆ. ಒಂದು ಬದಿಗೆ ಪ್ರಧಾನ ಇಗರ್ಜಿ, ಇನ್ನೊಂದು ಬದಿಗೆ 1848ರಲ್ಲಿ ಆರಂಭಿಸಿ 1926ರಲ್ಲಿ ಮುಗಿಸಿದ ಸಂಸತ್ ಭವನ, ಎದುರಿಗೆ ನ್ಯಾಯಾಲಯದ ಭವನ. ಪ್ರವಾಸಿಗರು ಇಗರ್ಜಿಯ ಕಡೆ ಮುಖಮಾಡಿ ಚಿತ್ರ ತೆಗೆಸಿಕೊಳ್ಳುತ್ತಾರೆ. ನಾನು ನ್ಯಾಯಾಲಯದ ಕಡೆ ನೋಡುತ್ತಾ ನಿಂತೆ. ಅದರ ಬಾಗಿಲಿನ ಮೇಲೆ ಸ್ವಾತಂತ್ರ್ಯ ಸಮರದ ನಾಯಕ ಸಾಂತಾಂದೇರ್ ಹೇಳಿದ ಮಾತಿದೆ: 'ಕೊಲಂಬಿಯನ್ನರೇ, ಶಸ್ತ್ರಗಳು ನಿಮಗೆ ಸ್ವಾತಂತ್ರ್ಯ ಕೊಟ್ಟಿವೆ, ಕಾನೂನುಗಳು ನಿಮಗೆ ಬಿಡುಗಡೆ ಕೊಡುತ್ತವೆ.' ಪರರ ಆಳ್ವಿಕೆಯಿಂದ ಬಿಡಿಸಿಕೊಳ್ಳುವುದಕ್ಕೆ ಒಂದು ಪದ, ನಿರ್ಭಯವಾಗಿ ಬದುಕುವುದಕ್ಕೆ ಇನ್ನೊಂದು ಪದ ಅವರ ಭಾಷೆಯಲ್ಲಿದೆ. ನಾವು ಎರಡಕ್ಕೂ ಸ್ವಾತಂತ್ರ್ಯವೆಂದೇ ಹೇಳಿ ಮುಗಿಸುತ್ತೇವೆ.

1985ರ ನವೆಂಬರ್ 6ರಂದು ಎಂ-19 ಎಂಬ ಗೆರಿಲ್ಲಾ ಗುಂಪು ಈ ಜಾಗದಲ್ಲಿದ್ದ ಹಿಂದಿನ ಭವನವನ್ನು ವಶಪಡಿಸಿಕೊಂಡಿತು. ಸೈನ್ಯ ಟ್ಯಾಂಕುಗಳೊಂದಿಗೆ ಒಳನುಗ್ಗಿತು. ಮಾರನೆಯ ದಿನದ ಹೊತ್ತಿಗೆ ಕಟ್ಟಡ ಸುಟ್ಟು ಕರಕಲಾಗಿ, ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಮೂರ್ತಿಗಳೂ ಸೇರಿ ನೂರರಷ್ಟು ಜನ ಸತ್ತಿದ್ದರು. ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದವರಲ್ಲಿ ಹೊರಗೆ ಬಂದ ಕೆಲವರು ಮನೆಗೆ ಮರಳಲೇ ಇಲ್ಲ. 2002ರಲ್ಲಿ, ಅದೇ ದಿನ, ಅದೇ ಹೊತ್ತಿಗೆ, ಕಲಾವಿದೆ ಡೊರಿಸ್ ಸಾಲ್ಸೆದೊ ಈಗಿನ ಭವನದ ಮಾಡಿನಿಂದ ಖಾಲಿ ಮರದ ಕುರ್ಚಿಗಳನ್ನು ಒಂದೊಂದಾಗಿ ಗೋಡೆಗುಂಟ ಕೆಳಗಿಳಿಸತೊಡಗಿದರು. 280 ಕುರ್ಚಿಗಳು, 53 ಗಂಟೆಗಳು. ಮೊದಲು ಒಂದೇ ಕುರ್ಚಿ ನೇತಾಡುತ್ತಿದ್ದಾಗ ಕೆಳಗೆ ಹೋಗುವವರಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ. ಆಮೇಲೆ ಅರ್ಥವಾಗಿರಬೇಕು. ನಾನು ಹೋದಾಗ ಗೋಡೆ ಬರಿದಾಗಿತ್ತು. ಅದೇ ಎಂ-19 ಗುಂಪು 1974ರಲ್ಲಿ ಬೊಲಿವಾರ್‌ನ ಕತ್ತಿಯನ್ನು ಸಂಗ್ರಹಾಲಯದಿಂದ ಕದ್ದೊಯ್ದಿತ್ತು. ಶಸ್ತ್ರ ಕೆಳಗಿಟ್ಟ ಮೇಲೆ, 1991ರಲ್ಲಿ ಮರಳಿಸಿತು. 2022ರ ಆಗಸ್ಟಿನಲ್ಲಿ ಆ ಗುಂಪಿನ ಮಾಜಿ ಸದಸ್ಯ ಗುಸ್ತಾವೊ ಪೆತ್ರೊ ಇದೇ ಚೌಕದಲ್ಲಿ ರಾಷ್ಟ್ರಾಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದಾಗ ಆ ಕತ್ತಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಮೆರವಣಿಗೆಯಂತೆ ತರಿಸಿದರು. ಇಲ್ಲಿ ಲೋಹಕ್ಕೆ ಮನುಷ್ಯರಷ್ಟೇ ದೀರ್ಘವಾದ ಜಾತಕವಿದೆ.

ಮೊನ್ಸೆರಾತೆ ಬೆಟ್ಟದ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಉದ್ದ ಮಾಡುವುದಿಲ್ಲ. 3,152 ಮೀಟರ್ ಎತ್ತರ. ಹಳಿಬಂಡಿಯಲ್ಲೋ ತೂಗುಬಂಡಿಯಲ್ಲೋ ಹತ್ತಬಹುದು, ಹರಕೆ ಹೊತ್ತವರು ಚಾಮುಂಡಿ ಬೆಟ್ಟಕ್ಕೆ ಹೋಗುವಂತೆ ಮೆಟ್ಟಿಲು ಹತ್ತುತ್ತಾರೆ. ಮೇಲೆ ನಿಂತರೆ ಊರು ಕಣ್ಣಿಗೆ ನಿಲುಕದಷ್ಟು ದೂರ ಇಟ್ಟಿಗೆಯ ಬಣ್ಣದಲ್ಲಿ ಹರಡಿದೆ. ಕೊಲಂಬಿಯಾದ ಕಲಾವಿದ ಫರ್ನಾಂದೊ ಬೊಟೆರೊ ತಮ್ಮದೇ 123 ಕೃತಿಗಳನ್ನೂ ಜಗತ್ತಿನ ದೊಡ್ಡ ಕಲಾವಿದರ 85 ಕೃತಿಗಳನ್ನೂ ದಾನ ಕೊಟ್ಟು ಮಾಡಿದ ಸಂಗ್ರಹಾಲಯಕ್ಕೆ ಪ್ರವೇಶಶುಲ್ಕವಿಲ್ಲ. ಲಾ ಕಂದೆಲಾರಿಯಾದ ಹಳೆಯ ಅಂಗಳದ ಮನೆಯಲ್ಲಿ ಅವರ ದುಂಡುಮೈಯ ಮನುಷ್ಯರನ್ನು ನೋಡುತ್ತಾ, ಮಳೆ ನಿಲ್ಲುವುದನ್ನು ಕಾಯುತ್ತಾ, ಒಂದು ಮಧ್ಯಾಹ್ನ ಸುಖವಾಗಿ ಕಳೆಯಿತು.

ಹೊಸ ಬೊಗೋಟಾ ನನಗೆ ಕಂಡದ್ದು ಗಾಜಿನ ಗೋಪುರಗಳಲ್ಲಿ ಅಲ್ಲ, ಸಂಚಾರದಲ್ಲಿ. 2000ದ ಕೊನೆಯಲ್ಲಿ ಆರಂಭವಾದ ಟ್ರಾನ್ಸ್‌ಮಿಲೇನಿಯೊದ ಕೆಂಪು ಜೋಡುಬಸ್ಸುಗಳು ರಸ್ತೆಯ ನಡುವಿನ ತಮ್ಮದೇ ದಾರಿಯಲ್ಲಿ ಓಡುತ್ತವೆ. ಹುಬ್ಬಳ್ಳಿ-ಧಾರವಾಡದ ನಡುವೆ ತ್ವರಿತ ಬಸ್ಸಿನಲ್ಲಿ ಹೋದವರಿಗೆ ಆ ಎತ್ತರದ ನಿಲ್ದಾಣ, ಆ ಜಾರುವ ಬಾಗಿಲು ಗುರುತು ಸಿಗುತ್ತವೆ. ಜಗತ್ತಿನ ಹಲವು ಊರುಗಳು ಈ ಪಾಠವನ್ನು ಕಲಿತದ್ದು ಇಲ್ಲಿಂದ. ಸಂಜೆಯ ನೂಕುನುಗ್ಗಲು ಮಾತ್ರ ಬೆಂಗಳೂರಿನದೇ. ಭಾನುವಾರಗಳಂದು ಬೆಳಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ 120 ಕಿಲೋಮೀಟರಿಗೂ ಹೆಚ್ಚು ಉದ್ದದ ರಸ್ತೆಗಳನ್ನು ವಾಹನಗಳಿಗೆ ಮುಚ್ಚಿ ಸೈಕಲ್ಲಿಗೂ ನಡೆಯುವವರಿಗೂ ಬಿಟ್ಟುಕೊಡುತ್ತಾರೆ. 1974ರಿಂದ ನಡೆದುಬಂದಿರುವ ಪದ್ಧತಿ. ಒಂದು ಊರು ತನ್ನ ದೊಡ್ಡ ರಸ್ತೆಯಲ್ಲಿ ಮೂರು ಚಕ್ರದ ಸೈಕಲ್ ತುಳಿಯುವ ಮಗುವಿಗೆ ದಾರಿ ಬಿಡುತ್ತದೆ ಎಂದರೆ ಆ ಊರನ್ನು ನಾನು ಮನಸಾರೆ ಗೌರವಿಸುತ್ತೇನೆ.

ದಕ್ಷಿಣದ ತುದಿಯಲ್ಲಿ ಸಿಯುದಾದ್ ಬೊಲಿವಾರ್ ಎಂಬ ಗುಡ್ಡದ ಬಡಾವಣೆ ಇದೆ. ಯುದ್ಧದಿಂದ ಹಳ್ಳಿ ಬಿಟ್ಟು ಓಡಿಬಂದವರು ಎಷ್ಟೋ ಜನ ಇಲ್ಲಿ ತಗಡು, ಇಟ್ಟಿಗೆ ಸೇರಿಸಿ ಮನೆ ಕಟ್ಟಿಕೊಂಡರು. 2018ರ ಡಿಸೆಂಬರಿನಿಂದ ಅಲ್ಲಿಗೆ ತೂಗುಬಂಡಿ ಓಡುತ್ತಿದೆ. ಪ್ರವಾಸಿಗರಿಗೆಂದಲ್ಲ, ಕೂಲಿಗೆ ಹೋಗುವವರಿಗೆಂದು. ಹತ್ತು ಜನ ಕೂರುವ ಡಬ್ಬಿಗಳು, ನಾಲ್ಕು ನಿಲ್ದಾಣ, ಮೂರೂ ಕಾಲು ಕಿಲೋಮೀಟರ್. ಮೊದಲು ಗಂಟೆ ಹಿಡಿಯುತ್ತಿದ್ದ ದಾರಿ ಈಗ ಹದಿಮೂರು ನಿಮಿಷ. ನನ್ನೆದುರು ಕೂತಿದ್ದ ಹೆಂಗಸು ಮಡಿಲಲ್ಲಿ ಸೊಪ್ಪಿನ ಚೀಲ ಇಟ್ಟುಕೊಂಡು ನಿದ್ದೆ ಹೋಗಿದ್ದರು. ಕೆಳಗೆ ಮನೆಗಳ ಮಾಡಿನ ಮೇಲೆಲ್ಲ ಬಣ್ಣದ ಚಿತ್ರಗಳು ಸರಿದುಹೋಗುತ್ತಿದ್ದವು.

ಹೊರಡುವ ಹಿಂದಿನ ದಿನ ಫ್ರಾಗ್ಮೆಂತೋಸ್ ಎಂಬ ಸ್ಮಾರಕ ನೋಡಲು ಹೋದೆ. ಬೊಲಿವಾರ್ ಚೌಕದಿಂದ ದಕ್ಷಿಣಕ್ಕೆ ನಡೆದುಹೋಗುವಷ್ಟು ದೂರ. ಹೊರಗಿನಿಂದ ನೋಡಿದರೆ ಪಾಳುಬಿದ್ದ ಹಳೆಯ ಮನೆಯ ಮಣ್ಣಿನ ಗೋಡೆಗಳು. ಒಳಗೆ ಆ ಪಾಳುಗೋಡೆಗಳಿಗೆ ಏನೂ ನೋವಾಗದಂತೆ ಗಾಜಿನಲ್ಲಿ ಕಟ್ಟಿದ ಬಿಳಿಯ ಕೋಣೆಗಳು. ಗೋಡೆಯ ಮೇಲೆ ಏನೂ ಇಲ್ಲ. ಏನು ನೋಡಬೇಕೆಂದು ಸುತ್ತ ಕಣ್ಣಾಡಿಸಿದ ಮೇಲೆಯೇ ಅದು ಕಾಲಡಿಯಲ್ಲಿದೆ ಎಂದು ಗೊತ್ತಾಗುವುದು.

ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸರ್ಕಾರದ ಮೇಲೆ ಕಾದಿದ ಫಾರ್ಕ್ ಗೆರಿಲ್ಲಾಗಳು 2016ರ ಶಾಂತಿ ಒಪ್ಪಂದದ ನಂತರ ಒಪ್ಪಿಸಿದ ಶಸ್ತ್ರಗಳು ಸುಮಾರು ಒಂಬತ್ತು ಸಾವಿರ, ತೂಕ 37 ಟನ್. ಅವನ್ನು ಕರಗಿಸಿ ಸ್ಮಾರಕ ಮಾಡಬೇಕೆಂದು ಒಪ್ಪಂದದಲ್ಲೇ ಬರೆದಿತ್ತು. ಕೆಲಸ ಬಂದದ್ದು ಡೊರಿಸ್ ಸಾಲ್ಸೆದೊ ಅವರಿಗೆ, ಕುರ್ಚಿಗಳನ್ನು ಇಳಿಬಿಟ್ಟ ಅದೇ ಕಲಾವಿದೆಗೆ. ಬಂದೂಕಿನ ಲೋಹಕ್ಕೆ ಪ್ರತಿಮೆಯ ಎತ್ತರ ಕೊಡಲು ಅವರಿಗೆ ಮನಸ್ಸಾಗಲಿಲ್ಲ. ತಲೆಯೆತ್ತಿ ನೋಡುವಂಥದ್ದು ಏನೂ ಬೇಡ, ಮೆಟ್ಟಿ ನಿಲ್ಲುವ ನೆಲವಾಗಲಿ ಎಂದರು. ಯುದ್ಧದಲ್ಲಿ ಲೈಂಗಿಕ ಹಿಂಸೆಗೆ ಒಳಗಾದ ಸುಮಾರು ಇಪ್ಪತ್ತು ಹೆಂಗಸರನ್ನು ಕರೆದು, ತೆಳುವಾದ ಲೋಹದ ಹಾಳೆಗಳನ್ನೂ ಸುತ್ತಿಗೆಗಳನ್ನೂ ಅವರ ಕೈಗೆ ಕೊಟ್ಟರು. ಅವರು ಬಡಿದರು. ಆ ಹಾಳೆಗಳು ಅಚ್ಚುಗಳಾದವು, ಅಚ್ಚಿಗೆ ಬಂದೂಕುಗಳ ಲೋಹ ಹೊಯ್ದರು. 1,296 ಹಲಗೆಗಳು. ಪಕ್ಕದ ಕೋಣೆಯಲ್ಲಿ ಅದರ ಚಿತ್ರೀಕರಣ ತೋರಿಸುತ್ತಾರೆ. ಒಬ್ಬಾಕೆ ಮೊದಲು ಮೆಲ್ಲಗೆ ತಟ್ಟುತ್ತಾರೆ, ಹಾಳೆ ಹರಿದೀತೆಂದು ಹೆದರಿದವರಂತೆ. ಆಮೇಲೆ ತೋಳಿನ ಬಲವೆಲ್ಲ ಸುತ್ತಿಗೆಗೆ ಇಳಿಯುತ್ತದೆ. ಸದ್ದು ನಿಲ್ಲುವುದೇ ಇಲ್ಲ.

ನಾನು ನೆಲದ ಮೇಲೆ ಕೂತೆ. ಕೂರಬಹುದೇ ಎಂದು ಕೇಳಿದ್ದೆ, ಕಾವಲಿನವರು ತಲೆಯಾಡಿಸಿದ್ದರು. ಬೂದುಗಪ್ಪು ಲೋಹ, ತಣ್ಣಗಿತ್ತು. ಅಂಗೈ ಊರಿದರೆ ಗುಳಿಗಳು, ಸುಕ್ಕುಗಳು, ಅಲೆಗಳು. ಒಂದು ಹಲಗೆಯಂತೆ ಇನ್ನೊಂದಿಲ್ಲ. ಒಂದರಲ್ಲಿ ಚಿಕ್ಕಚಿಕ್ಕ ಪೆಟ್ಟುಗಳು ಮಳೆಹನಿಯಂತೆ ಒತ್ತೊತ್ತಾಗಿ ಬಿದ್ದಿವೆ. ಇನ್ನೊಂದರಲ್ಲಿ ಒಂದೇ ಜಾಗಕ್ಕೆ ಮತ್ತೆಮತ್ತೆ ಹೊಡೆದು ಬಿಟ್ಟಿದ್ದಾರೆ. ಅಜ್ಜನ ಮಾತು ನೆನಪಾಗದೆ ಇರುವುದು ಸಾಧ್ಯವೇ ಇರಲಿಲ್ಲ. ಕರಗಿದ ಲೋಹಕ್ಕೆ ತವರಿಲ್ಲ ನಿಜ. ಯಾವ ಬಂದೂಕು ಯಾರ ಕೈಯಲ್ಲಿತ್ತು, ಯಾವ ಹಳ್ಳಿಗೆ ಹೋಗಿತ್ತು ಎಂದು ಈ ನೆಲ ಹೇಳುವುದಿಲ್ಲ. ಆದರೆ ಯಾವ ಹೆಂಗಸಿನ ತೋಳು ಯಾವ ಹೊತ್ತಿಗೆ ದಣಿಯಿತು ಎಂಬುದು ಇಲ್ಲಿದೆ. ಚೌಕಟ್ಟಿನೊಳಗಿನ ಚಿನ್ನವನ್ನೆಲ್ಲ ಕಂಡು ಬಂದ ಮೇಲೂ, ಬೊಗೋಟಾದಲ್ಲಿ ನಾನು ಕಂಡ ಅತ್ಯುತ್ತಮ ಲೋಹದ ಕೆಲಸ ಈ ನೆಲವೇ. ನನ್ನಜ್ಜ ಮೂಸೆಯಲ್ಲಿ ಕರಗಿಸಿದ ನೂರಾರು ಒಡವೆಗಳಲ್ಲಿ ಒಂದರ ಗುರುತನ್ನಾದರೂ, ಒಂದು ಕಾಗದದ ಮೇಲಾದರೂ, ನಾವು ಇಟ್ಟುಕೊಂಡಿಲ್ಲ. ನನ್ನ ಮದುವೆಯ ಬಳೆಗಳಲ್ಲಿ ಅಜ್ಜಿಯ ಅಡ್ಡಿಕೆ ಸೇರಿದೆ ಎಂದು ಅಮ್ಮ ಹೇಳುತ್ತಾರೆ. ಆ ಅಡ್ಡಿಕೆ ಹೇಗಿತ್ತೆಂದು ಕೇಳಿದರೆ "ದಪ್ಪಗಿತ್ತು" ಎನ್ನುತ್ತಾರೆ.

ಆ ಶಾಂತಿ ಒಪ್ಪಂದದಂತೆ ರಚನೆಯಾದ ಸತ್ಯ ಆಯೋಗದ ವರದಿಯ ಪ್ರಕಾರ 1985ರಿಂದ 2018ರವರೆಗೆ ಈ ದೇಶದ ಹಿಂಸೆಯಲ್ಲಿ ಕೊಲೆಯಾದವರು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು. ಹಿಂಸೆ ಪೂರ್ತಿ ಮುಗಿದಿಲ್ಲ. ಆ ದಿನ ಅಲ್ಲಿ ಒಂದು ಶಾಲೆಯ ಮಕ್ಕಳು ಬಂದಿದ್ದರು, ಹತ್ತು ಹನ್ನೆರಡು ವರ್ಷದವರು. ಶಿಕ್ಷಕಿ ಏನೋ ಹೇಳುತ್ತಿದ್ದರು. ಒಬ್ಬ ಹುಡುಗ ಕಿವಿಗೊಡದೆ ಹಲಗೆಯಿಂದ ಹಲಗೆಗೆ, ಗೆರೆ ಮೆಟ್ಟದ ಹಾಗೆ, ಕುಂಟೆಬಿಲ್ಲೆ ಆಡುವಂತೆ ಜಿಗಿಯುತ್ತಿದ್ದ. ಯಾರೂ ಅವನನ್ನು ತಡೆಯಲಿಲ್ಲ.

ಮಳೆ ಶುರುವಾಗಿ, ಗಾಜಿನಾಚೆಯ ಪಾಳುಗೋಡೆಗಳು ನೆನೆದು ಕೆಂಪಾದವು. ಬಾಗಿಲು ಮುಚ್ಚುವ ಹೊತ್ತಾಗಿತ್ತು. ಹೊರಡಲು ಎದ್ದು ಹೊಸ್ತಿಲ ಬಳಿ ಬಂದವಳು, ಯಾವುದನ್ನೂ ಯೋಚಿಸದೆ, ಕಂಬಕ್ಕೆ ಕೈಯೂರಿ ಒಂದು ಕಾಲನ್ನು ಎತ್ತಿ ಅಂಗಾಲನ್ನು ಕೊಡವಿದೆ, ಆಮೇಲೆ ಇನ್ನೊಂದನ್ನು. ಕಾವಲಿನ ಮುದುಕರು ನೋಡುತ್ತಿದ್ದರು.

"ಸುಮೆರ್ಸೆ, ಒಳಗೆ ಬರುವಾಗ ಒರೆಸಿಕೊಳ್ಳುವುದು" ಎಂದರು ಮೆಲ್ಲಗೆ. "ಹೋಗುವಾಗ ಅಲ್ಲ."

ನನಗೆ ಬರುವ ಸ್ಪ್ಯಾನಿಷ್‌ನಲ್ಲಿ ಅಜ್ಜನ ಅಂಗಡಿಯನ್ನು, ಗೋಣಿತಾಟನ್ನು, ಧೂಳಿನಲ್ಲಿದ್ದ ಚಿನ್ನವನ್ನು ಹೇಳಲು ಪ್ರಯತ್ನಿಸಿದೆ. ಎಷ್ಟು ಅರ್ಥವಾಯಿತೋ. ಅವರು ಬಾಗಿ ನಾನು ನಿಂತಿದ್ದ ಜಾಗವನ್ನು ಒಮ್ಮೆ ನೋಡಿದರು, ಒಳಗಿನ ನೆಲವನ್ನು ನೋಡಿದರು, ಮತ್ತೆ ನೆಟ್ಟಗೆ ನಿಂತು ಮಳೆ ತುಸು ತಗ್ಗುವವರೆಗೆ ಅಲ್ಲೇ ನಿಂತಿರಲು ಹೇಳಿ ಬಾಗಿಲನ್ನು ಅರ್ಧ ತೆರೆದಿಟ್ಟರು.